ಕತ್ತಿನಲ್ಲಿ ಸಣ್ಣ ಗಂಟು: ಥೈರಾಯ್ಡ್ ಕ್ಯಾನ್ಸರ್‌ಗೆ ಎಷ್ಟು ಪರೀಕ್ಷೆ ಬೇಕು, ಎಷ್ಟು ಚಿಕಿತ್ಸೆ ಸಾಕು?

ಹೆಲ್ತ್ ಚೆಕಪ್ ಪ್ಯಾಕೇಜ್‌ನಲ್ಲಿ ಕತ್ತಿನ ಸ್ಕ್ಯಾನಿಂಗ್ ಕೂಡ ಸೇರಿದೆ, ಮಾಡಿಸಿಬಿಡಲಾ ಅಂತ ಈಚೆಗೆ ತುಂಬ ಜನ ಕೇಳುತ್ತಾರೆ. ಕೈಗೆ ಸಿಗುವಂಥ ಗಂಟಿಲ್ಲ, ದನಿ ಬದಲಾಗಿಲ್ಲ, ಮನೆಯಲ್ಲಿ ಯಾರಿಗೂ ಥೈರಾಯ್ಡ್ ಕ್ಯಾನ್ಸರ್ ಬಂದಿಲ್ಲ, ಚಿಕ್ಕಂದಿನಲ್ಲಿ ಕತ್ತಿಗೆ ರೇಡಿಯೇಷನ್ ಕೊಟ್ಟಿಲ್ಲ ಅಂದರೆ ನನ್ನ ಉತ್ತರ ಒಂದೇ: ಬೇಡ. ಕ್ಯಾನ್ಸರ್ ಬೇಗ ಗೊತ್ತಾದಷ್ಟೂ ಒಳ್ಳೆಯದು ಅಂತ ನಾವೆಲ್ಲ ಕೇಳಿಕೊಂಡು ಬಂದಿದ್ದೇವೆ. ಗರ್ಭಕಂಠದ ಕ್ಯಾನ್ಸರ್‌ಗೆ, ಬಾಯಿ ಕ್ಯಾನ್ಸರ್‌ಗೆ ಅದು ನಿಜ. ಥೈರಾಯ್ಡ್ ವಿಷಯದಲ್ಲಿ ಮಾತ್ರ ಲೆಕ್ಕ ಬೇರೆ. ಅದು ಯಾಕೆ ಬೇರೆ ಅಂತ ತಿಳಿಯೋಕೆ ದಕ್ಷಿಣ ಕೊರಿಯಾದಲ್ಲಿ ಏನಾಯಿತು ಅಂತ ನೋಡಬೇಕು.

ಕೊರಿಯಾ ಸರ್ಕಾರ 1999ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆ ಶುರು ಮಾಡಿತು. ಥೈರಾಯ್ಡ್ ಅದರ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಹೇಗೂ ಬಂದಿದ್ದೀರಿ, ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೆ ಕತ್ತಿನ ಅಲ್ಟ್ರಾಸೌಂಡ್ ಕೂಡ ಮಾಡುತ್ತೇವೆ ಅಂತ ಆಸ್ಪತ್ರೆಗಳು ಹೇಳಿದವು, ಜನ ಮಾಡಿಸಿಕೊಂಡರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ದರ 1993ರಲ್ಲಿ ಇದ್ದದ್ದಕ್ಕಿಂತ 15 ಪಟ್ಟು ಏರಿತ್ತು. ಆ ಒಂದೇ ವರ್ಷ 40 ಸಾವಿರಕ್ಕೂ ಹೆಚ್ಚು ಜನರಿಗೆ ನಿಮಗೆ ಕ್ಯಾನ್ಸರ್ ಇದೆ ಅಂತ ಹೇಳಲಾಯಿತು. ಹಾಗಿದ್ದರೆ ಸಾವು ಕಡಿಮೆ ಆಗಿರಬೇಕಲ್ವಾ? ಇಲ್ಲ. ಅತ್ತ ಏರಲೂ ಇಲ್ಲ, ಇತ್ತ ಇಳಿಯಲೂ ಇಲ್ಲ, ವರ್ಷಕ್ಕೆ 300ರಿಂದ 400ರ ಆಸುಪಾಸಿನಲ್ಲೇ ನಿಂತಿತ್ತು. ಪತ್ತೆಯಾದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಆಪರೇಷನ್ ಆಯಿತು, ಮೂರನೇ ಎರಡರಷ್ಟು ಜನರ ಗ್ರಂಥಿಯನ್ನು ಪೂರ್ತಿ ತೆಗೆದರು. ಆಪರೇಷನ್ ಆದವರಲ್ಲಿ ನೂರಕ್ಕೆ 11 ಮಂದಿಗೆ ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕೆಲಸ ನಿಲ್ಲಿಸಿದವು, ಸುಮಾರು 2 ಮಂದಿಗೆ ದನಿತಂತುವಿಗೆ ಪೆಟ್ಟಾಯಿತು. ಯಾವ ತೊಂದರೆಯೂ ಇಲ್ಲದೆ ಬದುಕುತ್ತಿದ್ದ ಜನ ಇವರು. 2014ರಲ್ಲಿ ಅಲ್ಲಿನ ಕೆಲವು ವೈದ್ಯರೇ ಎದ್ದು ನಿಂತು, ಲಕ್ಷಣ ಇಲ್ಲದವರಿಗೆ ಈ ಸ್ಕ್ಯಾನಿಂಗ್ ಮಾಡಬೇಡಿ ಅಂತ ಬಹಿರಂಗ ಪತ್ರ ಬರೆದರು. ಪತ್ರಿಕೆಗಳಲ್ಲಿ, ಟಿವಿಯಲ್ಲಿ ಚರ್ಚೆ ಆಯಿತು. ಒಂದೇ ವರ್ಷದಲ್ಲಿ ಥೈರಾಯ್ಡ್ ಆಪರೇಷನ್‌ಗಳು ನೂರಕ್ಕೆ 35ರಷ್ಟು ಇಳಿದವು.

ಹುಡುಕಿದಷ್ಟೂ ಸಿಗೋಕೆ ಕಾರಣ ಇದೆ. ಫಿನ್‌ಲ್ಯಾಂಡಿನಲ್ಲಿ 1985ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೇರೆ ಬೇರೆ ಕಾರಣಕ್ಕೆ ತೀರಿಕೊಂಡ 101 ಜನರ ಥೈರಾಯ್ಡ್ ಗ್ರಂಥಿಯನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. 36 ಜನರಲ್ಲಿ ಪ್ಯಾಪಿಲರಿ ಅನ್ನುವ, ಥೈರಾಯ್ಡಿನಲ್ಲಿ ಅತಿ ಹೆಚ್ಚು ಕಾಣುವ ಬಗೆಯ ಕ್ಯಾನ್ಸರ್‌ನ ಸಣ್ಣ ಸಣ್ಣ ಚುಕ್ಕೆಗಳಿದ್ದವು. ಅವರು ಬದುಕಿದ್ದಾಗ ಅದು ಅವರಿಗೂ ಗೊತ್ತಿರಲಿಲ್ಲ, ಅವರ ವೈದ್ಯರಿಗೂ ಗೊತ್ತಿರಲಿಲ್ಲ. ಅಂದರೆ ಈ ಕ್ಯಾನ್ಸರ್‌ನ ಒಂದು ದೊಡ್ಡ ಪಾಲು ನಮ್ಮ ಜೊತೆಗೇ ಸುಮ್ನೆ ಇದ್ದು, ನಮ್ಮ ಜೊತೆಗೇ ಹೋಗುವಂಥದ್ದು. ಅಮೆರಿಕದಲ್ಲಿ 1975ರಲ್ಲಿ ಲಕ್ಷಕ್ಕೆ 4.9 ಇದ್ದ ಪ್ರಮಾಣ 2009ಕ್ಕೆ 14.3 ಆಯಿತು, ಸಾವು ಮಾತ್ರ ಲಕ್ಷಕ್ಕೆ 0.5ರಲ್ಲೇ ಇತ್ತು. ರೋಗ ನಿಜಕ್ಕೂ ಅಷ್ಟು ಜಾಸ್ತಿ ಆಗಿದ್ದರೆ ಸಾವೂ ಸ್ವಲ್ಪವಾದರೂ ಏರಬೇಕಿತ್ತು. ರೋಗ ತಡೆಯ ಬಗ್ಗೆ ಸಲಹೆ ಕೊಡುವ ಅಮೆರಿಕದ ತಜ್ಞರ ಕಾರ್ಯಪಡೆ 2017ರಲ್ಲಿ ಇದನ್ನೆಲ್ಲ ತೂಗಿ ನೋಡಿ, ಲಕ್ಷಣ ಇಲ್ಲದ ವಯಸ್ಕರಿಗೆ ಥೈರಾಯ್ಡ್ ಕ್ಯಾನ್ಸರ್ ತಪಾಸಣೆ ಮಾಡಬಾರದು ಅಂತ ನೇರವಾಗಿ ಹೇಳಿತು.

ನಮ್ಮ ಪಕ್ಕದ ಕೇರಳದಲ್ಲೂ ಇದರ ನೆರಳು ಕಾಣುತ್ತದೆ. ತಿರುವನಂತಪುರದ ಹೆಂಗಸರಲ್ಲಿ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ ದೇಶದ ಬಹುಪಾಲು ಕಡೆಗಳಿಗಿಂತ ಜಾಸ್ತಿ ದಾಖಲಾಗುತ್ತಿದೆ. ಅದು ಅತಿಯಾದ ಪತ್ತೆಯ ಫಲವೇ ಇರಬೇಕು ಅಂತ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಅನುಮಾನಿಸಿತ್ತು. ಸ್ಕ್ಯಾನಿಂಗ್ ಸೆಂಟರ್‌ಗಳು ಬೀದಿಗೊಂದು ಇರುವ ಬೆಂಗಳೂರಿನಲ್ಲಿ ಅದೇ ದಾರಿ ಹಿಡಿಯುವುದು ಕಷ್ಟದ ಮಾತೇನಲ್ಲ.

ಹಾಗಂತ ಕತ್ತಿನ ಗಂಟನ್ನು ಕಡೆಗಣಿಸಿ ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲಿ ಎರಡೂ ಒಟ್ಟಿಗೇ ಇವೆ. ನಗರದಲ್ಲಿ 5 ಮಿಲಿಮೀಟರ್ ಗಂಟಿಗೆ ನಿದ್ದೆಗೆಡುವವರು ಒಂದು ಕಡೆ, ನಿಂಬೆಹಣ್ಣಿನ ಗಾತ್ರಕ್ಕೆ ಬೆಳೆದ ಗಂಟನ್ನು ಗಳಗಂಡ ಬಿಡಿ, ನಮ್ಮಜ್ಜಿಗೂ ಇತ್ತು ಅಂತ ಸೆರಗಿನಲ್ಲಿ ಮುಚ್ಚಿಕೊಂಡು ವರ್ಷಗಟ್ಟಲೆ ಓಡಾಡುವವರು ಇನ್ನೊಂದು ಕಡೆ. ಮಲೆನಾಡಿನ ಕಡೆ ಗಳಗಂಡ ಹಿಂದಿನಿಂದಲೂ ಇದ್ದದ್ದರಿಂದ ಈ ಉದಾಸೀನ ಇನ್ನೂ ಹೋಗಿಲ್ಲ. ಗಂಟು ಕೈಗೆ ಗಟ್ಟಿಯಾಗಿ ಸಿಕ್ಕರೆ, ಕೆಲವೇ ವಾರಗಳಲ್ಲಿ ದೊಡ್ಡದಾದರೆ, ಶೀತ ಕೆಮ್ಮು ಇಲ್ಲದೆ ದನಿ ಒಡೆದು ಎರಡು ಮೂರು ವಾರವಾದರೂ ಸರಿಯಾಗದಿದ್ದರೆ, ನುಂಗೋಕೆ ಅಥವಾ ಉಸಿರಾಡೋಕೆ ಕಷ್ಟವಾದರೆ, ಕತ್ತಿನ ಪಕ್ಕದಲ್ಲಿ ಬೇರೆ ಗಂಟುಗಳು ಕಾಣಿಸಿದರೆ ತಡ ಮಾಡಬಾರದು. ಮಕ್ಕಳಲ್ಲಿ ಕಂಡ ಗಂಟನ್ನಂತೂ ತೋರಿಸಲೇಬೇಕು.

ನಮ್ಮಲ್ಲಿ ಇನ್ನೊಂದು ಗೊಂದಲ ಬಹಳ ಇದೆ. ನನಗೆ ಥೈರಾಯ್ಡ್ ಇದೆ ಅಂತ ಜನ ಹೇಳುವುದು ಸಾಮಾನ್ಯವಾಗಿ ಹಾರ್ಮೋನ್ ಕಡಿಮೆ ಆಗಿ ದಿನಾ ಮಾತ್ರೆ ನುಂಗುವುದರ ಬಗ್ಗೆ. ಅದಕ್ಕೂ ಕ್ಯಾನ್ಸರ್‌ಗೂ ನೇರ ಸಂಬಂಧ ಇಲ್ಲ. ಥೈರಾಯ್ಡ್ ಕ್ಯಾನ್ಸರ್ ಇರುವ ಹೆಚ್ಚಿನವರ ಟಿಎಸ್‌ಎಚ್ (ಹಾರ್ಮೋನ್ ತಯಾರಿಸು ಅಂತ ಥೈರಾಯ್ಡಿಗೆ ಹೇಳುವ ಸಂಕೇತ) ರಕ್ತಪರೀಕ್ಷೆ ನಾರ್ಮಲ್ ಇರುತ್ತದೆ. ಆದ್ದರಿಂದ ರಿಪೋರ್ಟ್ ನಾರ್ಮಲ್ ಬಂತು, ಗಂಟಿನ ಚಿಂತೆ ಬೇಡ ಅನ್ನುವುದೂ ತಪ್ಪು, ಟಿಎಸ್‌ಎಚ್ ಏರಿದೆ, ಕ್ಯಾನ್ಸರ್ ಇರಬಹುದಾ ಅಂತ ಹೆದರುವುದೂ ತಪ್ಪು. ಆದರೂ ಗಂಟು ಕಂಡಾಗ ವೈದ್ಯರು ಮೊದಲು ಈ ಪರೀಕ್ಷೆ ಬರೆಯುತ್ತಾರೆ, ಯಾಕೆಂದರೆ ಟಿಎಸ್‌ಎಚ್ ತೀರಾ ಕಡಿಮೆ ಇದ್ದರೆ ಆ ಗಂಟೇ ಜಾಸ್ತಿ ಹಾರ್ಮೋನ್ ಸುರಿಸುತ್ತಿರಬಹುದು, ಅಂಥ ಗಂಟಿನಲ್ಲಿ ಕ್ಯಾನ್ಸರ್ ಇರುವುದು ಅಪರೂಪ.

ಮುಂದಿನದು ಅಲ್ಟ್ರಾಸೌಂಡ್. ಗಂಟು ಇದೆ ಅನ್ನುವುದೇ ಇಲ್ಲಿ ದೊಡ್ಡ ಸುದ್ದಿ ಅಲ್ಲ. ಒಳ್ಳೆಯ ಯಂತ್ರದಲ್ಲಿ ನೋಡಿದರೆ ದೊಡ್ಡವರಲ್ಲಿ, ಅದರಲ್ಲೂ ವಯಸ್ಸಾದ ಹೆಂಗಸರಲ್ಲಿ, ಬಹಳ ಜನರಿಗೆ ಒಂದಲ್ಲ ಒಂದು ಗಂಟು ಇದ್ದೇ ಇರುತ್ತದೆ, ಕೆಲವು ಅಧ್ಯಯನಗಳಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ. ಅದರಲ್ಲಿ ಬಹುಪಾಲು ನಿರಪಾಯ. ನೋಡಬೇಕಾದ್ದು ಗಂಟಿನ ಸ್ವಭಾವ: ಸುತ್ತಲಿನ ಭಾಗಕ್ಕಿಂತ ತುಂಬ ಕಪ್ಪಾಗಿದೆಯಾ, ಅಂಚು ಸೊಟ್ಟಪಟ್ಟ ಇದೆಯಾ, ಅಗಲಕ್ಕಿಂತ ಎತ್ತರ ಜಾಸ್ತಿ ಇದೆಯಾ, ಒಳಗೆ ಮರಳಿನಂಥ ಸುಣ್ಣದ ಕಣಗಳಿವೆಯಾ, ಪಕ್ಕದ ದುಗ್ಧಗ್ರಂಥಿಗಳು (ಲಿಂಫ್ ನೋಡ್) ಊದಿವೆಯಾ. ಗಂಟಿನ ಲಕ್ಷಣಗಳಿಗೆ ಅಂಕ ಹಾಕಿ ಟೈರ್ಯಾಡ್ಸ್ ಅನ್ನುವ ಪದ್ಧತಿಯಲ್ಲಿ 1ರಿಂದ 5ರವರೆಗೆ ದರ್ಜೆ ಕೊಡುತ್ತಾರೆ. ಅಮೆರಿಕದ ರೇಡಿಯಾಲಜಿ ವೈದ್ಯರ ಸಂಘ 2017ರಲ್ಲಿ ಕೊಟ್ಟ ನಿಯಮದ ಪ್ರಕಾರ ಅತಿ ಹೆಚ್ಚು ಅನುಮಾನದ 5ನೇ ದರ್ಜೆಯ ಗಂಟಿಗೂ 1 ಸೆಂಟಿಮೀಟರ್ ಆದ ಮೇಲೇ ಸೂಜಿ ಪರೀಕ್ಷೆ. 4ನೇ ದರ್ಜೆಗೆ 1.5, 3ನೇ ದರ್ಜೆಗೆ 2.5 ಸೆಂಟಿಮೀಟರ್. ರಿಪೋರ್ಟ್ ಕೈಗೆ ಬಂದಾಗ ಮೊದಲು ಈ ಎರಡು ಅಂಕಿ ನೋಡಿ, ದರ್ಜೆ ಮತ್ತು ಅಳತೆ. ದರ್ಜೆಯನ್ನೇ ಬರೆಯದ ರಿಪೋರ್ಟ್ ಆದರೆ ರೇಡಿಯಾಲಜಿಸ್ಟ್ ಹತ್ತಿರ ಬರೆಸಿಕೊಳ್ಳಿ, ಅದು ನಿಮ್ಮ ಹಕ್ಕು.

ಸೂಜಿ ಪರೀಕ್ಷೆ, ಅಂದರೆ ಎಫ್‌ಎನ್‌ಎಸಿ, ಹೆದರುವಂಥದ್ದಲ್ಲ. ರಕ್ತ ತೆಗೆಯುವ ಸೂಜಿಗಿಂತ ಸಣ್ಣದೋ ಅಷ್ಟೇ ಇರುವುದೋ ಒಂದು ಸೂಜಿಯಿಂದ ಗಂಟಿನ ಜೀವಕೋಶ ತೆಗೆಯುತ್ತಾರೆ, ಅದೇ ದಿನ ಮನೆಗೆ ಹೋಗಬಹುದು. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಅನ್ನುವ ಮಾತನ್ನು ನಂಬಿ ಇದನ್ನು ತಪ್ಪಿಸಿಕೊಂಡು ಕೊನೆಗೆ ದೊಡ್ಡ ಆಪರೇಷನ್‌ಗೆ ಹೋಗುವವರನ್ನು ಕಂಡರೆ ಸಂಕಟವಾಗುತ್ತದೆ. ಫಲಿತಾಂಶ ಬೆಥೆಸ್ಡಾ ಅನ್ನುವ ಆರು ದರ್ಜೆಗಳಲ್ಲಿ ಬರುತ್ತದೆ. 2 ಅಂದರೆ ನಿರಪಾಯ, ಅಲ್ಲಿ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಸುಮಾರು 4. 6 ಅಂದರೆ ನೂರಕ್ಕೆ 97, 5 ಅಂದರೆ ಸುಮಾರು 74. ಕಷ್ಟ ಇರುವುದು ನಡುವಿನ 3 ಮತ್ತು 4ರಲ್ಲಿ. 2023ರ ಪರಿಷ್ಕೃತ ಲೆಕ್ಕದಲ್ಲಿ ಅವಕ್ಕೆ 22 ಮತ್ತು 30. ಅಂದರೆ 4 ಬಂದವರಲ್ಲೂ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ! ಆದರೂ ಆಪರೇಷನ್ ಮಾಡದೆ ಖಚಿತ ಹೇಳೋಕೆ ಆಗುವುದಿಲ್ಲ. 4ನೇ ದರ್ಜೆಯಲ್ಲಿ ಬರುವ ಫಾಲಿಕ್ಯುಲರ್ ಅನ್ನುವ ಬಗೆಯ ಗಂಟು ಕ್ಯಾನ್ಸರ್ ಹೌದೋ ಅಲ್ಲವೋ ಅನ್ನುವುದು ಅದು ತನ್ನ ಹೊದಿಕೆಯನ್ನೋ ರಕ್ತನಾಳವನ್ನೋ ಭೇದಿಸಿದೆಯಾ ಅನ್ನುವುದರ ಮೇಲೆ ನಿಂತಿದೆ, ಸೂಜಿಯಲ್ಲಿ ಬಂದ ಬಿಡಿ ಜೀವಕೋಶಗಳಲ್ಲಿ ಅದು ಕಾಣುವುದಿಲ್ಲ. 3 ಬಂದರೆ ಕೆಲವು ತಿಂಗಳು ಬಿಟ್ಟು ಮತ್ತೊಮ್ಮೆ ಸೂಜಿ ಪರೀಕ್ಷೆ ಮಾಡುವುದು ವಾಡಿಕೆ. ಜೀನ್ ಪರೀಕ್ಷೆಗಳೂ ಇವೆ, ದುಬಾರಿ.

ಇನ್ನು ಕ್ಯಾನ್ಸರ್ ಅಂತ ಖಚಿತವಾದವರ ವಿಷಯ. ನೂರಕ್ಕೆ 80ಕ್ಕೂ ಹೆಚ್ಚು ಪ್ಯಾಪಿಲರಿ ಬಗೆಯದ್ದು, ನಿಧಾನ ಬೆಳೆಯುವಂಥದ್ದು, ಕತ್ತಿನ ದುಗ್ಧಗ್ರಂಥಿಗೆ ಹೋಗಿದ್ದರೂ ಚೆನ್ನಾಗಿ ವಾಸಿಯಾಗುವಂಥದ್ದು. ಫಾಲಿಕ್ಯುಲರ್ ಅದಕ್ಕಿಂತ ಕಡಿಮೆ, ಇದು ರಕ್ತದ ಮೂಲಕ ಮೂಳೆಗೂ ಶ್ವಾಸಕೋಶಕ್ಕೂ ಹೋಗಬಹುದು. ಈ ಎರಡು ಬಗೆಗಳಲ್ಲಿ ವಯಸ್ಸಿಗೆ ಎಷ್ಟು ಬೆಲೆ ಇದೆ ಅಂದರೆ, ಈಗ ಬಳಕೆಯಲ್ಲಿರುವ ಹಂತ ನಿರ್ಧಾರದ ಪದ್ಧತಿಯಲ್ಲಿ 55 ವರ್ಷದೊಳಗಿನವರಿಗೆ ರೋಗ ಶ್ವಾಸಕೋಶಕ್ಕೆ ಹರಡಿದ್ದರೂ 2ನೇ ಹಂತಕ್ಕಿಂತ ಮುಂದೆ ಹೋಗುವುದೇ ಇಲ್ಲ. ಬೇರೆ ಯಾವ ಅಂಗದ ಕ್ಯಾನ್ಸರ್‌ನಲ್ಲೂ ಇಂಥ ರಿಯಾಯಿತಿ ಸುಲಭಕ್ಕೆ ಸಿಗುವುದಿಲ್ಲ.

ಇದನ್ನು ನಂಬಿ ಮೊದಲು ಹೆಜ್ಜೆ ಇಟ್ಟವರು ಜಪಾನಿನ ವೈದ್ಯರು. ಕೋಬೆ ನಗರದ ಕುಮಾ ಆಸ್ಪತ್ರೆಯಲ್ಲಿ ಅಕಿರಾ ಮಿಯಾವುಚಿ 1993ರಲ್ಲಿ ಒಂದು ಪ್ರಸ್ತಾಪ ಇಟ್ಟರು: 1 ಸೆಂಟಿಮೀಟರ್ ಒಳಗಿನ, ಎಲ್ಲೂ ಹರಡಿರದ ಪ್ಯಾಪಿಲರಿ ಗಂಟನ್ನು ತೆಗೆಯದೆ, ಕಾಲಕಾಲಕ್ಕೆ ಸ್ಕ್ಯಾನ್ ಮಾಡುತ್ತಾ ನೋಡೋಣ. ಕ್ಯಾನ್ಸರ್ ಅಂತ ಗೊತ್ತಿದ್ದೂ ಆಪರೇಷನ್ ಮಾಡದೆ ಕಾಯುವುದು ಆಗಿನ ಕಾಲಕ್ಕೆ ದೊಡ್ಡ ಧೈರ್ಯದ ಮಾತು. 1,235 ಜನರನ್ನು ಹೀಗೆ ನೋಡಿಕೊಂಡ ಫಲಿತಾಂಶ 2014ರಲ್ಲಿ ಬಂತು. 10 ವರ್ಷದಲ್ಲಿ ಗಂಟು 3 ಮಿಲಿಮೀಟರ್ ಅಥವಾ ಹೆಚ್ಚು ಬೆಳೆದದ್ದು ನೂರಕ್ಕೆ 8 ಜನರಲ್ಲಿ, ದುಗ್ಧಗ್ರಂಥಿಗೆ ಹೋದದ್ದು ನೂರಕ್ಕೆ 3.8 ಜನರಲ್ಲಿ. ಬೆಳೆದವರಿಗೆ ಆಮೇಲೆ ಆಪರೇಷನ್ ಮಾಡಿದರು, ಕಾದದ್ದರಿಂದ ನಷ್ಟವಾಗಲಿಲ್ಲ. ಥೈರಾಯ್ಡ್ ಕ್ಯಾನ್ಸರ್‌ನಿಂದ ಒಬ್ಬರೂ ಸಾಯಲಿಲ್ಲ. ವಯಸ್ಸಾದವರಲ್ಲೇ ಗಂಟು ಬೆಳೆಯುವುದು ಕಡಿಮೆ, 40ರೊಳಗಿನವರಲ್ಲಿ ಸ್ವಲ್ಪ ಜಾಸ್ತಿ ಅನ್ನುವುದೂ ಗೊತ್ತಾಯಿತು. ಹಾಗಾಗಿ 70 ವರ್ಷದ ಅಜ್ಜಿಗೆ 6 ಮಿಲಿಮೀಟರ್ ಗಂಟು ಸಿಕ್ಕಿತು, ಈ ವಾರವೇ ತೆಗೆಸಿಬಿಡಿ ಅಂತ ಯಾರಾದರೂ ಹೇಳಿದರೆ, ಕಾದು ನೋಡಿದರೆ ಏನಾಗುತ್ತದೆ ಅಂತ ಕೇಳಲೇಬೇಕು. ಆದರೆ ಈ ದಾರಿ ಎಲ್ಲರಿಗೂ ಅಲ್ಲ. ಗಂಟು ಉಸಿರಾಟದ ಕೊಳವೆಗೋ ದನಿಯ ನರಕ್ಕೋ ಅಂಟಿಕೊಂಡಿದ್ದರೆ ಕಾಯಬಾರದು. ಆರು ತಿಂಗಳಿಗೋ ವರ್ಷಕ್ಕೋ ತಪ್ಪದೆ ಬಂದು ಸ್ಕ್ಯಾನ್ ಮಾಡಿಸೋಕೆ ಆಗದವರಿಗೂ ಇದು ಹೊಂದುವುದಿಲ್ಲ, ನಮ್ಮಲ್ಲಿ ನಿಜವಾದ ಅಡ್ಡಿ ಇದೇ.

ಆಪರೇಷನ್ ಬೇಕಾದಾಗ ಕೇಳಬೇಕಾದ್ದು ಅರ್ಧವೋ ಪೂರ್ತಿಯೋ ಅಂತ. ಹಿಂದೆ 1 ಸೆಂಟಿಮೀಟರ್ ದಾಟಿದರೆ ಪೂರ್ತಿ ತೆಗೆಯುವುದೇ ರೂಢಿ ಇತ್ತು. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2015ರಲ್ಲಿ ಆ ಸಲಹೆ ಬದಲಿಸಿತು. 1 ಸೆಂಟಿಮೀಟರ್ ಒಳಗಿದ್ದು ತೆಗೆಯುವುದಾದರೆ ಒಂದು ಪಕ್ಕ ಸಾಕು. 1ರಿಂದ 4 ಸೆಂಟಿಮೀಟರ್ ಇದ್ದು ಎಲ್ಲೂ ಹರಡಿರದಿದ್ದರೆ ಒಂದು ಪಕ್ಕ ಮಾತ್ರ ತೆಗೆದರೂ ನಡೆಯುತ್ತದೆ. 4 ಸೆಂಟಿಮೀಟರ್‌ಗಿಂತ ದೊಡ್ಡದಿದ್ದರೆ, ಗ್ರಂಥಿಯಿಂದ ಹೊರಗೆ ಚಾಚಿದ್ದರೆ ಪೂರ್ತಿ. ಅರ್ಧ ಉಳಿದರೆ ಹಲವರಿಗೆ ಜೀವನಪೂರ್ತಿ ಮಾತ್ರೆಯ ಗೊಡವೆ ಇರುವುದಿಲ್ಲ, ಕ್ಯಾಲ್ಸಿಯಂ ಕುಸಿಯುವ ಅಪಾಯವಂತೂ ಬಹಳ ಕಡಿಮೆ. ಪೂರ್ತಿ ತೆಗೆದವರಿಗೆ ಮೊದಲ ಕೆಲವು ದಿನ ಬೆರಳ ತುದಿ, ತುಟಿ ಸುತ್ತ ಜುಮ್ಮೆನ್ನಬಹುದು. ಅದು ಕ್ಯಾಲ್ಸಿಯಂ ಇಳಿದದ್ದರ ಗುರುತು, ತಕ್ಷಣ ಹೇಳಬೇಕು. ಇಲ್ಲಿ ಸರ್ಜನ್ ಕೈಯ ಅನುಭವ ಬಹಳ ಮುಖ್ಯ. ವರ್ಷಕ್ಕೆ ಎಷ್ಟು ಥೈರಾಯ್ಡ್ ಆಪರೇಷನ್ ಮಾಡುತ್ತೀರಿ ಸರ್ ಅಂತ ಕೇಳೋದು ಮರ್ಯಾದೆಗೆಟ್ಟ ಪ್ರಶ್ನೆ ಅಲ್ಲ, ಒಳ್ಳೆಯ ಸರ್ಜನ್‌ಗಳು ಬೇಜಾರಿಲ್ಲದೆ ಉತ್ತರ ಕೊಡುತ್ತಾರೆ.

ಆಮೇಲಿನದು ರೇಡಿಯೋ ಅಯೋಡಿನ್. ದೇಹದಲ್ಲಿ ಅಯೋಡಿನನ್ನು ಹಿಡಿದಿಟ್ಟುಕೊಳ್ಳುವ ಕೆಲಸ ಮುಖ್ಯವಾಗಿ ಥೈರಾಯ್ಡ್ ಜೀವಕೋಶಗಳದ್ದು. ವಿಕಿರಣ ಸೂಸುವ ಅಯೋಡಿನ್ 131 ಕೊಟ್ಟರೆ ಅದು ಹುಡುಕಿಕೊಂಡು ಅಲ್ಲಿಗೇ ಹೋಗಿ, ಆಪರೇಷನ್ ಆದ ಮೇಲೂ ಉಳಿದ ಜೀವಕೋಶಗಳನ್ನು ಸುಡುತ್ತದೆ. 1940ರ ದಶಕದಿಂದ ಬಳಕೆಯಲ್ಲಿರುವ ಅದ್ಭುತ ಔಷಧಿ ಇದು, ಶ್ವಾಸಕೋಶಕ್ಕೆ ಹರಡಿದ ರೋಗವನ್ನೂ ಎಷ್ಟೋ ಜನರಲ್ಲಿ ಹತೋಟಿಗೆ ತಂದಿದೆ. ಆದರೆ ಎಲ್ಲರಿಗೂ ಬೇಕಾಗಿಲ್ಲ. 2012ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್‌ನ ಎರಡು ಅಧ್ಯಯನಗಳು, ಆಪರೇಷನ್ ನಂತರ ಉಳಿದ ಥೈರಾಯ್ಡ್ ಭಾಗವನ್ನು ಸುಡೋಕೆ 100 ಮಿಲಿಕ್ಯೂರಿ (ವಿಕಿರಣದ ಅಳತೆ) ಬೇಕಿಲ್ಲ, 30 ಸಾಕು ಅಂತ ತೋರಿಸಿದವು. 2022ರಲ್ಲಿ ಫ್ರಾನ್ಸ್‌ನ ಇನ್ನೊಂದು ಅಧ್ಯಯನ ಒಂದು ಹೆಜ್ಜೆ ಮುಂದೆ ಹೋಗಿ, ಕಡಿಮೆ ಅಪಾಯದವರಿಗೆ ಅದನ್ನು ಕೊಡದಿದ್ದರೂ ಮೂರು ವರ್ಷದ ಫಲಿತಾಂಶದಲ್ಲಿ ವ್ಯತ್ಯಾಸ ಇಲ್ಲ ಅಂತ ಹೇಳಿತು. ಬಾಯಿ ಒಣಗುವುದು, ಎಂಜಲ ಗ್ರಂಥಿ ಊದುವುದು ಇದರ ಅಡ್ಡಪರಿಣಾಮ, ಸುಮ್ನೆ ಇರಲಿ ಅಂತ ತೆಗೆದುಕೊಳ್ಳುವಂಥದ್ದಲ್ಲ.

ನಿಜಕ್ಕೂ ಬೇಕಾದವರಿಗೆ ತಯಾರಿಯೇ ಒಂದು ಕೆಲಸ. ಒಂದೆರಡು ವಾರ ಅಯೋಡಿನ್ ಕಡಿಮೆ ಇರುವ ಊಟ ಮಾಡಬೇಕು: ಸಮುದ್ರದ ಮೀನು, ಮೊಟ್ಟೆಯ ಹಳದಿ, ಹಾಲು ಮೊಸರು, ಬೇಕರಿ ತಿಂಡಿ, ಅಂಗಡಿಯ ಉಪ್ಪಿನಕಾಯಿ ದೂರ. ಉಪ್ಪಿನದೇ ದೊಡ್ಡ ತಲೆನೋವು, ಅಡುಗೆಗೆ ಅಯೋಡಿನ್ ಇಲ್ಲದ ಉಪ್ಪು ಮಾರುವುದಕ್ಕೆ ದೇಶದಲ್ಲಿ 2006ರಿಂದ ನಿಷೇಧ ಇದೆ, ಹಾಗಾಗಿ ಯಾವ ಉಪ್ಪು ಬಳಸಬೇಕು ಅಂತ ಆಸ್ಪತ್ರೆಯಲ್ಲೇ ಕೇಳಿಕೊಳ್ಳಬೇಕು. ಕಲ್ಲುಪ್ಪು ಅಂದ ಮಾತ್ರಕ್ಕೆ ಅಯೋಡಿನ್ ಇಲ್ಲ ಅಂತಲ್ಲ, ಪ್ಯಾಕೆಟ್ ಓದಬೇಕು. ದೊಡ್ಡ ಪ್ರಮಾಣ ಕೊಟ್ಟರೆ ಪ್ರತ್ಯೇಕ ಕೋಣೆಯಲ್ಲಿ ಕೆಲವು ದಿನ ಇರಬೇಕು, ಆ ಸೌಲಭ್ಯ ಎಲ್ಲ ಜಿಲ್ಲೆಯಲ್ಲೂ ಇಲ್ಲ. ಅಯೋಡಿನ್ 131 ಎಂಟು ದಿನಕ್ಕೆ ಅರ್ಧವಾಗುತ್ತದೆ, ಉಳಿದದ್ದು ಮೂತ್ರದಲ್ಲಿ ಹೋಗುತ್ತದೆ. ಮನೆಗೆ ಬಂದ ಮೇಲೂ ಕೆಲವು ದಿನ ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳಬಾರದು, ಗರ್ಭಿಣಿಯರಿಂದ ದೂರ ಇರಬೇಕು. ಬಸುರಿಯರಿಗೆ ಈ ಔಷಧಿ ಕೊಡುವಂತೆಯೇ ಇಲ್ಲ, ತೆಗೆದುಕೊಂಡ ಹೆಂಗಸರು ಕನಿಷ್ಠ ಆರು ತಿಂಗಳು ಬಸುರಿ ಆಗಬಾರದು. ಒಂದೇ ಕೋಣೆಯ ಮನೆಯಲ್ಲಿ ಐದಾರು ಜನ ಇರುವ ಕುಟುಂಬಕ್ಕೆ ಈ ದೂರ ಕಾಯುವುದು ಎಷ್ಟು ಕಷ್ಟ ಅಂತ ವೈದ್ಯರು ಮೊದಲೇ ಕೂತು ಮಾತಾಡಬೇಕು, ಚೀಟಿ ಕೊಟ್ಟು ಕಳಿಸಿದರೆ ಆಗುವುದಿಲ್ಲ.

ಗ್ರಂಥಿ ಪೂರ್ತಿ ಹೋದವರಿಗೆ ಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನ್ ಮಾತ್ರೆ ಕೊನೆತನಕ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಕಾಫಿಗೆ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಡಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರ. ರೋಗ ಮರುಕಳಿಸುವ ಅಪಾಯ ಹೆಚ್ಚಿರುವವರಿಗೆ ಟಿಎಸ್‌ಎಚ್ ಬೇಕೆಂತಲೇ ಕೆಳಗೆ ಇಡುತ್ತಾರೆ. ಅದನ್ನು ಕಡಿಮೆ ಅಪಾಯದವರಲ್ಲೂ ವರ್ಷಗಟ್ಟಲೆ ಮುಂದುವರಿಸಿದರೆ ಎದೆಬಡಿತ ತಪ್ಪುತ್ತದೆ, ಮುಟ್ಟು ನಿಂತ ಹೆಂಗಸರ ಮೂಳೆ ಸವೆಯುತ್ತದೆ. ಆದ್ದರಿಂದ ನನ್ನ ಟಿಎಸ್‌ಎಚ್ ಎಷ್ಟಿರಬೇಕು ಅಂತ ಪ್ರತಿ ಭೇಟಿಯಲ್ಲೂ ಕೇಳಿ ಬರೆದಿಟ್ಟುಕೊಳ್ಳಿ. ರೋಗ ಮರಳಿದೆಯಾ ಅಂತ ತಿಳಿಯೋಕೆ ಥೈರೋಗ್ಲೋಬ್ಯುಲಿನ್ ಅನ್ನುವ ರಕ್ತಪರೀಕ್ಷೆ ಮತ್ತು ಕತ್ತಿನ ಅಲ್ಟ್ರಾಸೌಂಡ್ ಮಾಡುತ್ತಾರೆ. ಲಕ್ಷಣ ಇಲ್ಲದವರಿಗೆ ಬೇಡ ಅಂದ ಅದೇ ಸ್ಕ್ಯಾನ್ ಇವರಿಗೆ ತಪ್ಪಿಸಬಾರದ್ದು.

ಮೇಲಿನ ಧೈರ್ಯದ ಮಾತುಗಳು ಹೊಂದದ ಎರಡು ಬಗೆಗಳಿವೆ. ಮೆಡುಲರಿ ಕ್ಯಾನ್ಸರ್ ಬೇರೆಯದೇ ಜೀವಕೋಶದಿಂದ ಹುಟ್ಟುವುದರಿಂದ ಅದಕ್ಕೆ ರೇಡಿಯೋ ಅಯೋಡಿನ್ ತಾಗುವುದಿಲ್ಲ. ಕ್ಯಾಲ್ಸಿಟೋನಿನ್ ರಕ್ತಪರೀಕ್ಷೆಯಿಂದ ಇದನ್ನು ಹಿಂಬಾಲಿಸುತ್ತಾರೆ, ಪೂರ್ತಿ ಆಪರೇಷನ್ನೇ ಮುಖ್ಯ ಚಿಕಿತ್ಸೆ. ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಇದು ರೆಟ್ ಅನ್ನುವ ಜೀನ್ ಮೂಲಕ ವಂಶದಲ್ಲಿ ಬಂದಿರುತ್ತದೆ. ಹಾಗಾಗಿ ಒಬ್ಬರಿಗೆ ಮೆಡುಲರಿ ಅಂತ ಗೊತ್ತಾದರೆ ಅವರಿಗೆ ಆ ಜೀನ್ ಪರೀಕ್ಷೆ ಆಗಲೇಬೇಕು, ಅದರಲ್ಲಿ ದೋಷ ಕಂಡರೆ ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳಿಗೂ ಮಾಡಿಸಬೇಕು. ಇಂಥ ಮಕ್ಕಳಲ್ಲಿ ಕ್ಯಾನ್ಸರ್ ಹುಟ್ಟುವ ಮೊದಲೇ ಗ್ರಂಥಿ ತೆಗೆದು ಉಳಿಸಬಹುದು. ಅನಾಪ್ಲಾಸ್ಟಿಕ್ ಇನ್ನೂ ಅಪರೂಪ, ಸಾಮಾನ್ಯವಾಗಿ ವಯಸ್ಸಾದವರಲ್ಲಿ, ವಾರಗಳಲ್ಲೇ ಕತ್ತು ತುಂಬಿ ಉಸಿರು ಕಟ್ಟಿಸುವಂಥದ್ದು. ಹಿಂದೆ ಇದಕ್ಕೆ ಏನೂ ಇರಲಿಲ್ಲ. ಈಗ ಗಡ್ಡೆಯಲ್ಲಿ ಬಿರ್ಯಾಫ್ ವಿ600ಇ ಅನ್ನುವ ಬದಲಾವಣೆ ಇದ್ದವರಿಗೆ ಡಾಬ್ರಾಫೆನಿಬ್, ಟ್ರಾಮೆಟಿನಿಬ್ ಎಂಬ ಎರಡು ಔಷಧಿ ಜೊತೆಯಾಗಿ ಕೊಡುತ್ತಾರೆ, ಅಮೆರಿಕದಲ್ಲಿ 2018ರಲ್ಲಿ ಅನುಮತಿ ಸಿಕ್ಕಿತು. ಇಲ್ಲಿ ಪ್ರತಿ ದಿನಕ್ಕೂ ಬೆಲೆ ಇದೆ, ಆ ಪರೀಕ್ಷೆಯನ್ನು ಮೊದಲ ದಿನವೇ ಕಳಿಸಬೇಕು.

ಪ್ಯಾಪಿಲರಿಗೆ ಆ ಅವಸರ ಇಲ್ಲ. ಸಣ್ಣ ಗಂಟಿಗೆ ಕೆಲವು ವಾರ ತಡವಾದರೆ ಕೆಡುವುದಿಲ್ಲ, ಆ ಸಮಯವನ್ನು ಎರಡನೇ ಅಭಿಪ್ರಾಯಕ್ಕೆ ಬಳಸಿಕೊಳ್ಳಿ. ವೈದ್ಯರ ಅಭಿಪ್ರಾಯ ಮಾತ್ರ ಅಲ್ಲ, ಗಂಟಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪೆಥಾಲಜಿಸ್ಟ್ ಅಭಿಪ್ರಾಯ ಕೂಡ. 2016ರಲ್ಲಿ ತಜ್ಞರು ಪ್ಯಾಪಿಲರಿ ಕ್ಯಾನ್ಸರ್ ಅಂತ ಕರೆಯುತ್ತಿದ್ದ ಒಂದು ಬಗೆಯನ್ನು, ಅದು ತನ್ನ ಹೊದಿಕೆ ದಾಟದೆ ಸುಮ್ಮನಿರುವುದನ್ನು ನೋಡಿ, ಕ್ಯಾನ್ಸರ್ ಪಟ್ಟಿಯಿಂದಲೇ ಕೈಬಿಟ್ಟರು. ಆ ಬಗೆಗೆ ರೇಡಿಯೋ ಅಯೋಡಿನ್ ಬೇಕಿಲ್ಲ, ಉಳಿದ ಅರ್ಧ ಗ್ರಂಥಿ ತೆಗೆಯುವುದೂ ಬೇಕಿಲ್ಲ. ಅದನ್ನು ಗುರುತಿಸೋಕೆ ಅನುಭವ ಇರುವ ಕಣ್ಣು ಬೇಕು. ಆಪರೇಷನ್ ಆದ ಆಸ್ಪತ್ರೆಯಿಂದ ನಿಮ್ಮ ಸ್ಲೈಡ್ ಮತ್ತು ಬ್ಲಾಕ್ (ತೆಗೆದ ಗಂಟಿನಿಂದ ಮಾಡಿಟ್ಟ ಮಾದರಿಗಳು) ಕೇಳಿ ಪಡೆದು, ಕ್ಯಾನ್ಸರ್ ಕೇಂದ್ರದಲ್ಲೋ ಮೆಡಿಕಲ್ ಕಾಲೇಜಿನ ಪೆಥಾಲಜಿ ವಿಭಾಗದಲ್ಲೋ ಮತ್ತೊಮ್ಮೆ ತೋರಿಸಬಹುದು. ಎರಡನೇ ಆಪರೇಷನ್‌ಗೋ ರೇಡಿಯೋ ಅಯೋಡಿನ್‌ಗೋ ದಿನ ಗೊತ್ತು ಮಾಡುವ ಮೊದಲು ಈ ಕೆಲಸ ಆಗಬೇಕು.